ಮೀಟರ್ ಯಾರ ಹೆಸರಲ್ಲಿದೆ

ಅದೊಂದು ಸಾಮಾನ್ಯ ಬುಧವಾರ. ದೇವೀರಮ್ಮ ಅಕ್ಕಿ ಆರಿಸುತ್ತಿದ್ದಾಗ ವಿದ್ಯುತ್ ಕಚೇರಿಯ ಸಾಹೇಬರು ಲೈನ್‌ಮನ್ ಜೊತೆ ಬಂದರು.

“ಹಳೇ ಮೀಟರ್ ಈಗ ಬಿಚ್ಚುತ್ತೀವಿ. ಹೊಸದು ನಾಳೆ. ಅಲ್ಲಿವರೆಗೆ ಕರೆಂಟ್ ಇರಲ್ಲ.”

“ನಾಳೇನೇ ಬಿಚ್ಚಿ ಸಾರ್. ಒಳಗೆ ನಮ್ಮ ಯಜಮಾನರು...”

“ನಿಯಮ ಅಂದ್ರೆ ನಿಯಮ. ಫಾರಂಗೆ ಸಹಿ ಹಾಕಮ್ಮ.”

“ಮೀಟರ್ ಅವರ ಹೆಸರಲ್ಲಿದೆ. ನಿಯಮದಂತೆ ಅವರೇ ಹಾಕಬೇಕಲ್ವಾ ಸಾರ್?”

ಸಾಹೇಬರು ಫಾರಂ ಹಿಡಿದು ಒಳಗೆ ಹೋದರು. ಯಜಮಾನರು ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದರು. ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುರುಗುಡುತ್ತಿತ್ತು.

“ಸಹಿ ಈಗಲೇ ತಗೊಳ್ಳಿ ಸಾರ್,” ಎಂದರು ದೇವೀರಮ್ಮ. “ಕರೆಂಟ್ ತೆಗೆದ ಮೇಲೆ ಸಿಗಲ್ಲ.”

ಸಾಹೇಬರು ಹೊರಗೋಡಿ ಲೈನ್‌ಮನ್‌ನನ್ನು ಕೂಗಿದರು. “ಹೊಸದು ಬರೋವರೆಗೆ ಹಳೇದನ್ನ ಮುಟ್ಟಬೇಡಪ್ಪಾ!”

ಮರುದಿನ ಹೊಸ ಮೀಟರ್ ಬಂತು. ಅದರ ಮರುದಿನ ಯಜಮಾನರು ತೀರಿಕೊಂಡಾಗ ಅದು ಹನ್ನೊಂದು ಯೂನಿಟ್ ತೋರಿಸುತ್ತಿತ್ತು.