ಕಿಟಕಿಯ ಟೊಮೆಟೊ ಸಸಿ ಮತ್ತು ಹಲ್ಲಿ

ಚಳಿ ಬಿಡುವ ಮೊದಲೇ ಸರಸಕ್ಕ ತೆಂಗಿನ ಚಿಪ್ಪಿನಲ್ಲಿ ಟೊಮೆಟೊ ಬೀಜ ಹಾಕಿ ಅಡುಗೆಮನೆಯ ಕಿಟಕಿಯೊಳಗೆ ಇಟ್ಟಿದ್ದಳು. ಮೊಳೆತ ಸಸಿಗೆ ಬಿಸಿಲು ಗಾಜಿನಾಚೆ ಕಾಣುತ್ತಿತ್ತು, ಮೈಗೆ ತಾಗುತ್ತಿರಲಿಲ್ಲ. ಅದು ದಿನವೂ ಅತ್ತಲೇ ಕತ್ತು ಚಾಚಿ ಗೇಣುದ್ದ ಬೆಳೆಯಿತು. ಕಾಂಡ ಮಾತ್ರ ದಾರದಷ್ಟೇ ತೆಳ್ಳಗೆ ಉಳಿಯಿತು.

“ಇನ್ನೆರಡು ಬೆರಳು ಬೆಳೆದರೆ ಸೂರ್ಯ ಸಿಗುತ್ತಾನೆ,” ಎಂದಿತು ಸಸಿ, ಗೋಡೆಯ ಹಲ್ಲಿಗೆ. “ನೀನು ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದಂತೆ. ಒಮ್ಮೆ ಲೊಚಗುಟ್ಟು, ಮಾವ.”

“ಸುಳ್ಳಿಗೆ ನಾನು ಸಾಕ್ಷಿ ಹೇಳುವುದಿಲ್ಲ,” ಎಂದಿತು ಹಲ್ಲಿ. “ನಿಲ್ಲಲು ತ್ರಾಣವಿಲ್ಲ, ಸೂರ್ಯ ಬೇಕಂತೆ.”

ಯುಗಾದಿಯ ಹೊತ್ತಿಗೆ ಸರಸಕ್ಕ ಸಸಿಯನ್ನು ಹಿತ್ತಲಿಗೆ ಒಯ್ದಳು. ಆಳವಾಗಿ ಗುಂಡಿ ತೋಡಿ, ಬಳುಕುವ ಕಾಂಡವನ್ನೆಲ್ಲ ಮಣ್ಣಿನಲ್ಲಿ ಹೂತು, ತುದಿಯ ನಾಲ್ಕು ಎಲೆ ಮಾತ್ರ ಹೊರಗೆ ಬಿಟ್ಟಳು.

ಹತ್ತು ದಿನ ಕಳೆದು ಹಲ್ಲಿ ಹಿತ್ತಲ ಗೋಡೆಗೆ ಬಂತು. “ಏನಯ್ಯಾ, ಸೂರ್ಯ ಸಿಕ್ಕನೇ?”

“ಇಲ್ಲ. ಮೊದಲಿಗಿಂತ ಒಂದು ಗೇಣು ದೂರವೇ ಆದ,” ಎಂದಿತು ಸಸಿ. “ಆದರೆ ಅವನಿಗಾಗಿ ಹಾತೊರೆದು ಬೆಳೆದಷ್ಟು ಉದ್ದಕ್ಕೂ ಈಗ ಬೇರು ಬಂದಿದೆ. ಇನ್ನು ನಿಂತುಕೊಂಡೇ ಕಾಯಬಹುದು.”

ಹಲ್ಲಿ ಒಮ್ಮೆ ಲೊಚಗುಟ್ಟಿ ಹೊರಟುಹೋಯಿತು.