ಇರುವೆಗಳು ದಾರಿಯಲ್ಲಿ ಮುಖ ಮುಟ್ಟುವುದೇಕೆ

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದಾಗಿನ ಮಾತು ಇದು. ಆಗ ಇರುವೆಗಳು ಸಾಲಾಗಿ ಹೋಗುತ್ತಿರಲಿಲ್ಲ ಮಗಾ. ಮನಸ್ಸು ಬಂದ ಕಡೆ ಅಲೆಯುತ್ತಿದ್ದವು, ಬಾಯಿತುಂಬ ಹರಟುತ್ತಿದ್ದವು. ಅವುಗಳ ಗಲಾಟೆಗೆ ಗಾಳಿಯೇ ಬೇಸತ್ತು, ಸ್ವಲ್ಪ ಸುಮ್ಮನಿರ್ರಮ್ಮ ಅಂತ ಬೇಡಿಕೊಳ್ಳುತ್ತಿತ್ತಂತೆ.

ಒಂದು ಗೂಡಿನಲ್ಲಿ ಎಳ್ಳಿ, ನವಣಿ ಅಂತ ಅಕ್ಕತಂಗಿಯರಿದ್ದರು. ಎಳ್ಳಿಗೆ ಬಾಯಿ ಜೋರು. ನವಣಿಗೆ ಅಕ್ಕ ಅಂದರೆ ಪ್ರಾಣ.

ಪ್ರತಿ ಮಳೆಗಾಲ ಮುಗಿದಾಗ ಎಲ್ಲರೂ ಒಂದೊಂದು ನುಚ್ಚಕ್ಕಿ ಹಾಕಿ ಅಧ್ಯಕ್ಷರನ್ನು ಆರಿಸುತ್ತಿದ್ದರು. ಒಂದು ವರ್ಷ ಗೂಡಿಗೆ ನೀರು ನುಗ್ಗಿತು. ಬಾಗಿಲು ಕಾಯುವ ದಂಡಿನ ನಾಯಕ ಗೊದ್ದ, ದೊಡ್ಡ ತಲೆಯ ಕರಿ ಇರುವೆ, ಮುದಿ ಅಧ್ಯಕ್ಷೆಯನ್ನು ಕುರ್ಚಿಯಿಂದ ಎಳೆದು ಹೊರಗಟ್ಟಿ ತಾನೇ ಕೂತ. ನೀರು ಇಳಿಯುವವರೆಗೆ ಮಾತ್ರ ಅಂದ. ನೋಡು ಅವನ ನಾಟಕ!

ನೀರು ಇಳಿಯಿತು. ಗೊದ್ದ ಇಳಿಯಲಿಲ್ಲ.

ನುಚ್ಚಕ್ಕಿ ಹಾಕುವ ದಿನ ಬಂತು, ಹೋಯಿತು. ಯಾಕೆ ಅಂತ ಯಾರೂ ಕೇಳಲಿಲ್ಲ. ಎಳ್ಳಿ ಕೇಳಿಬಿಟ್ಟಳು.

"ಅಧ್ಯಕ್ಷರೇ, ನೀವು ಯಾವಾಗ ಇಳಿಯುತ್ತೀರಿ?"

ಗೊದ್ದ ನಕ್ಕ. ಒಳ್ಳೆಯ ಪ್ರಶ್ನೆ ಅಂದ. ಮಾರನೆಯ ದಿನ ಎಳ್ಳಿ ಮಲಗುವ ಜಾಗ ಖಾಲಿ. ಆಮೇಲೆ ಅಪ್ಪಣೆಯಾಯಿತು: ಎಲ್ಲರೂ ಸಾಲಾಗಿಯೇ ನಡೆಯಬೇಕು, ದಾರಿಯಲ್ಲಿ ಯಾರೂ ಬಾಯಿ ಬಿಡಬಾರದು. ಸಾಲಿನ ಪಕ್ಕದಲ್ಲಿ ದಂಡಿನವರು ಕಾವಲು ನಿಂತರು.

ನವಣಿಗೆ ಅನ್ನ ಸೇರಲಿಲ್ಲ. ಅಕ್ಕ ಬದುಕಿದ್ದಾಳೋ ಇಲ್ಲವೋ, ಯಾರನ್ನು ಕೇಳುವುದು, ಹೇಗೆ ಕೇಳುವುದು? ಬಾಯಿ ಬಿಟ್ಟರೆ ತನಗೂ ಅದೇ ಗತಿ. ಆದರೂ ಎದುರಿಗೆ ಬಂದ ಮುದುಕಿಯ ಮುಂದೆ ನಿಂತಳು. ಮುಖದ ಹತ್ತಿರ ಮುಖ ತಂದು, ತಲೆಯ ಮೇಲಿನ ಕುಡಿಮೀಸೆಯಿಂದ ಮೆಲ್ಲಗೆ ಮುಟ್ಟಿ, ಆ ಮುಟ್ಟುವುದರಲ್ಲೇ ಕೇಳಿದಳು.

"ನಮ್ಮಕ್ಕನನ್ನು ನೋಡಿದಿರಾ?"

ಕಾವಲಿನವನೊಬ್ಬ ದಡಬಡ ಓಡಿಬಂದ. ನವಣಿ ಬೇಗಬೇಗ ಮುದುಕಿಯ ಮುಖದ ಮಣ್ಣು ಒರೆಸುವವಳಂತೆ ನಟಿಸಿದಳು. ಅವನು ದುರುಗುಟ್ಟಿ ನೋಡಿ ವಾಪಸ್ಸು ಹೋದ.

ಆಗ ಮುದುಕಿಯ ಮೀಸೆ ಅಲುಗಿತು. "ಇಲ್ಲ ಮಗಳೇ. ನನ್ನ ಮಗನನ್ನು ನೀನು ಕಂಡೆಯಾ?"

ನವಣಿ ಕಂಡಿರಲಿಲ್ಲ. ಮುಂದಿನವಳನ್ನು ಕೇಳಿದಳು. ಅವಳ ತಂಗಿಯೂ ಕಾಣೆಯಾಗಿದ್ದಳು. ಅವಳ ಮುಂದಿನವಳ ಗೆಳತಿಯೂ ಹಾಗೇ. ಸಾಲಿನ ಉದ್ದಕ್ಕೂ ಅದೇ ಪ್ರಶ್ನೆ ಹೋಯಿತು, ಬಂತು.

ಗೊದ್ದ ಯಾವತ್ತೋ ಸತ್ತ. ಅವನ ಕುರ್ಚಿಯೂ ಮಣ್ಣಾಯಿತು. ಹೋದವರು ಮಾತ್ರ ಇನ್ನೂ ಮನೆಗೆ ಬಂದಿಲ್ಲ. ಅದಕ್ಕೇ ಮಗಾ, ಇವತ್ತಿಗೂ ಗೋಡೆಯ ಮೇಲೆ ಸಾಲಾಗಿ ಹೋಗುವ ಇರುವೆ, ಎದುರಾದ ಒಂದೊಂದು ಇರುವೆಯ ಮುಂದೆಯೂ ಒಂದು ಗಳಿಗೆ ನಿಂತು, ಮುಖ ಮುಟ್ಟಿ, ಮತ್ತೆ ಮುಂದಕ್ಕೆ ಹೋಗುತ್ತದೆ.