ಲಸಿಕೆ ಡಬ್ಬಿಯ ಮುಚ್ಚಳ

ಜಿಲ್ಲೆಯ ಆರೋಗ್ಯ ಪತ್ರಿಕೆಗೆ ಲಸಿಕೆ ಡಬ್ಬಿ ಸಂಪಾದಕ, ಥರ್ಮಾಮೀಟರ್ ಸಹಸಂಪಾದಕ. ಡಬ್ಬಿ ಹಿಂದೆ ನರ್ಸಮ್ಮನ ಹೆಗಲೇರಿ ಹಳ್ಳಿ ಹಳ್ಳಿ ತಿರುಗಿದ್ದ. ಥರ್ಮಾಮೀಟರ್ ಜ್ವರದ ವಾರ್ಡಿನಲ್ಲಿದ್ದವ. ಈಗಲೂ ಏನೇ ಕೇಳಿದರೂ ಪಾದರಸ ಏರಿದ ಮೇಲೆಯೇ ಮಾತಾಡುತ್ತಿದ್ದ.

ಒಂದು ದಿನ ಹೊಳೆಯಾಚೆಯ ಊರಿನಿಂದ ಬಿಂದಿಗೆ ಬಂದಳು.

“ನಮ್ಮೂರ ಬಾವಿ ನೀರು ಕೆಟ್ಟಿದೆ ಅಂತ ಲೇಖನ ಬರೆದುಕೊಟ್ಟಿದ್ದೆ. ಇನ್ನೂ ಅಚ್ಚಾಗಲಿಲ್ಲವಲ್ಲ ಸ್ವಾಮಿ. ಮಕ್ಕಳು ಅದೇ ನೀರು ಕುಡಿಯುತ್ತಿವೆ. ಮೊನ್ನೆ ಮತ್ತೆ ಇಬ್ಬರಿಗೆ ಕಾಮಾಲೆ ಆಯಿತು.”

“ನಿಮ್ಮ ಲೇಖನ ನನ್ನೊಳಗೆ ಭದ್ರವಾಗಿದೆ ತಾಯಿ,” ಎಂದ ಡಬ್ಬಿ. “ಇನ್ನೂ ಒಂದಿಷ್ಟು ಪರಿಶೀಲನೆ ಆಗಲಿ. ಮುಚ್ಚಳ ಬಿಗಿಯಾಗಿರಬೇಕು, ನಾನು ಕಲಿತ ಕೆಲಸವೇ ಅದು. ಎಂಥ ಕಾಲ ಅದು. ಬೆಳಗಿನ ಹೊತ್ತು ಜೋಳದ ಹೊಲದ ನಡುವಿನ ಹಾದಿ, ನನ್ನೊಳಗೆ ತಣ್ಣನೆಯ ಮಂಜುಗಡ್ಡೆ, ಶಾಲೆಯ ಜಗಲಿಯಲ್ಲಿ ಕೂಸುಗಳನ್ನೆತ್ತಿಕೊಂಡು ಕಾಯುವ ತಾಯಂದಿರು. ದಾರಿಯುದ್ದಕ್ಕೂ ಒಮ್ಮೆಯೂ ಮುಚ್ಚಳ ತೆಗೆದವನಲ್ಲ ನಾನು.”

ಥರ್ಮಾಮೀಟರ್ ಪಾದರಸ ಏರಿಸಿಕೊಂಡು ಕೇಳಿದ: “ಜಗಲಿ ಮುಟ್ಟಿದ ಮೇಲೆ ತೆಗೆಯುತ್ತಿದ್ದಿರಲ್ಲ?”



“ತೆಗೆಯುತ್ತಿದ್ದೆ. ಆದರೆ ಒಂದು ಸಲ ಹೊಳೆ ತುಂಬಿ ದಾಟಲಾಗಲಿಲ್ಲ,” ಎಂದ ಡಬ್ಬಿ. “ಮುಚ್ಚಳ ತೆಗೆಯದೆಯೇ ಹಿಂದಿರುಗಿದೆವು. ಅಷ್ಟರಲ್ಲಿ ಮಂಜುಗಡ್ಡೆ ಕರಗಿ ಲಸಿಕೆಯೆಲ್ಲ ಹಾಳಾಗಿತ್ತು. ಅದನ್ನು ಎಸೆಯುವಾಗ ನರ್ಸಮ್ಮ ಅತ್ತರು.”

“ಅವತ್ತು ಯಾವ ಊರಿಗೆ ಹೊರಟಿದ್ದಿರಿ?” ಎಂದಳು ಬಿಂದಿಗೆ.

“ನಿಮ್ಮೂರಿಗೆ,” ಎಂದು ಡಬ್ಬಿ ಮುಚ್ಚಳ ತೆರೆದ.